ಖಡಕ್ವಾಸ್ಲಾದ ಆಚೆ ದಂಡೆ

ಪುಣೆಯಲ್ಲಿ ನೆಲೆಸಿದ ನಮ್ಮಂಥವರಿಗೆ ಖಡಕ್ವಾಸ್ಲಾ ಎಂದರೆ ಭಾನುವಾರದ ಸಂಜೆ. ಸಿಂಹಗಡ ರಸ್ತೆಯ ಟ್ರಾಫಿಕ್ ದಾಟಿ ಅಣೆಕಟ್ಟಿನ ಬಳಿ ಗಾಡಿ ನಿಲ್ಲಿಸುವುದು, ಕಾಂದಾ ಭಜಿ, ಸುಟ್ಟ ಗೋವಿನಜೋಳದ ತೆನೆ ತಿಂದು ಮರಳುವುದು. ನೀರಿನಾಚೆಯ ಹಸಿರು ಗುಡ್ಡಗಳ ನಡುವೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ ಎಂಬುದು ಗೊತ್ತಿತ್ತು. ಆ ಕಡೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಹನ್ನೊಂದನೇ ತರಗತಿಯ ಮಗಳು ಒಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದಳು: "ಅಪ್ಪಾ, ನಾ ಎನ್‌ಡಿಎ ಪರೀಕ್ಷಾ ಬರಿತೀನಿ." ನನ್ನಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮೊದಲ ಆ ಜಾಗಾ ನೋಡಿ ಬರ್ರಿ, ಆಮ್ಯಾಲೆ ಮಾತಾಡೋಣ" ಎಂದಳು. ಕಾಲೇಜಿನ ಮಕ್ಕಳ ಗುಂಪೊಂದು ಭೇಟಿಗೆ ಅನುಮತಿ ಕೇಳಿತ್ತು. ಪಾಲಕನಾಗಿ ನಾನೂ ಹೆಸರು ಕೊಟ್ಟೆ.

ಅದು ಸೇನೆಯ ಜಾಗ, ಅನುಮತಿಯಿಲ್ಲದೆ ಒಳಗೆ ಬಿಡುವುದಿಲ್ಲ. ಆಧಾರ್ ಕಾರ್ಡಿನ ಮೂಲಪ್ರತಿ, ನಡೆಯಲು ಬರುವ ಬೂಟು, ನೀರಿನ ಬಾಟಲಿ ಎತ್ತಿಟ್ಟೆವು. ಹೇಳದ ಹೊರತು ಮೊಬೈಲ್ ಹೊರತೆಗೆಯಬಾರದೆಂದು ಮಗಳಿಗೆ ಹೇಳಿದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕಾಯಿತು. ಉಳಿದ ತಯಾರಿಗೆ ಎರಡು ವಾರ ಹಿಡಿಯಿತು.

ಯುಪಿಎಸ್‌ಸಿ ಪ್ರಕಟಣೆಯನ್ನು ಇಬ್ಬರೂ ಕೂತು ಓದಿದೆವು. ಪರೀಕ್ಷೆ ವರ್ಷಕ್ಕೆ ಎರಡು ಸಲ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600 ಅಂಕ. ಪಾಸಾದವರಿಗೆ ಎಸ್‌ಎಸ್‌ಬಿ ಸಂದರ್ಶನ, ಅದಕ್ಕೇ 900. ಅಂದರೆ ಓದಿಗೆ ಎಷ್ಟು ತೂಕವೋ ಸ್ವಭಾವಕ್ಕೂ ಅಷ್ಟೇ. ಭೂಸೇನೆಗೆ ಯಾವ ವಿಭಾಗದ ಹನ್ನೆರಡನೆಯ ತರಗತಿಯಾದರೂ ನಡೆಯುತ್ತದೆ. ನೌಕಾಸೇನೆ, ವಾಯುಸೇನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆಯ್ಕೆಯಾದರೆ ಇಲ್ಲಿ ಮೂರು ವರ್ಷ, ಆರು ಟರ್ಮ್. ಕೊನೆಗೆ ಜೆಎನ್‌ಯು ಪದವಿ.

ವಿಜಯಪುರದಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. ನಮ್ಮೂರಿನ ಸೈನಿಕ ಶಾಲೆ ಶುರುವಾದದ್ದು 1963ರಲ್ಲಿ. ಅಲ್ಲಿಂದ ಎನ್‌ಡಿಎಗೆ ಹೋದ ಹುಡುಗರ ಸುದ್ದಿ ಕೇಳಿಯೇ ನಾನು ಬೆಳೆದೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗೂ ಸೈನಿಕ ಶಾಲೆಯಿತ್ತು, ಆದರೆ ಅವರಿಗೆ ಈ ಗೇಟು ಮುಚ್ಚಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶವಾಯಿತು. 2022ರಲ್ಲಿ ಮೊದಲ ಹುಡುಗಿಯರು ಒಳಗೆ ಬಂದರು, 2025ರ ಮೇ ತಿಂಗಳಲ್ಲಿ 17 ಜನ ತೇರ್ಗಡೆಯಾದರು. ಅವ್ವ ಎಲ್ಲ ಕೇಳಿ, "ಚೆನ್ನಮ್ಮನ ಜಯಂತಿ ಮಾಡ್ತೀರಿ, ಮನಿ ಹುಡುಗಿ ಹೊಂಟ್ರ ಅಂಜ್ತೀರಿ" ಎಂದಳು. ನಾನು ಮಾತು ಬದಲಿಸಿದೆ.

ಪ್ರಶ್ನೆಗಳ ಪಟ್ಟಿ ಮಾಡು ಎಂದಿದ್ದೆ. ಮಗಳು ಹತ್ತು ಬರೆದಳು: ಎಷ್ಟಕ್ಕೆ ಏಳಬೇಕು, ಈಜು ಬರದವರ ಗತಿಯೇನು, ಮನೆಗೆ ಯಾವಾಗ ಮಾತಾಡಬಹುದು. ಹನ್ನೊಂದನೆಯದು ನನ್ನದು. ತರಬೇತಿಯಲ್ಲಿ ಪೆಟ್ಟಾಗಿ ಹೊರಬಂದರೆ ಮುಂದೇನು? ಅಂಥ ಕೆಡೆಟ್‌ಗಳ ಕಷ್ಟವನ್ನು ಸುಪ್ರೀಂ ಕೋರ್ಟೇ 2025ರಲ್ಲಿ ತಾನಾಗಿ ವಿಚಾರಣೆಗೆ ತೆಗೆದುಕೊಂಡ ಸುದ್ದಿ ಓದಿದಾಗಿನಿಂದ ಅದು ನನ್ನ ತಲೆಯಲ್ಲಿತ್ತು. ಪಟ್ಟಿಯಲ್ಲಿ ಬರೆಯಲಿಲ್ಲ, ಮಗಳಿಗೂ ಹೇಳಲಿಲ್ಲ.

ಹೋದ ದಿನ ವಾರ್ಜೆ, ಉತ್ತಮನಗರ ದಾಟಿ ಗೇಟಿಗೆ ಬಂದೆವು. ಒಳಗೆ ಹೋಗುತ್ತಿದ್ದಂತೆ ಪುಣೆಯ ಗದ್ದಲ ಹಿಂದೆ ಉಳಿಯಿತು. ಗುಮ್ಮಟ ಹೊತ್ತ ಸುಡಾನ್ ಬ್ಲಾಕ್ ಎದುರಾಯಿತು. ಎರಡನೇ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಮಡಿದ ಭಾರತೀಯ ಸೈನಿಕರ ನೆನಪಿಗೆ ಸುಡಾನ್ ಕೊಟ್ಟ ಹಣದಲ್ಲಿ ಭಾರತದ ಪಾಲಿಗೆ ಬಂದ 70 ಸಾವಿರ ಪೌಂಡ್ ಈ ಕಟ್ಟಡಕ್ಕೆ ಸಂದಿದೆ. 1949ರಲ್ಲಿ ನೆಹರೂ ಅಡಿಗಲ್ಲು ಹಾಕಿದ ಅಕಾಡೆಮಿಯಿದು. ಪೆರೇಡ್ ಮೈದಾನಕ್ಕೆ 1971ರ ಯುದ್ಧದಲ್ಲಿ ಮಡಿದ ಪರಮವೀರ ಚಕ್ರ ವಿಜೇತ ಅರುಣ್ ಖೇತ್ರಪಾಲ್ ಹೆಸರಿದೆ. ಆಗ ಅವರಿಗೆ ವಯಸ್ಸು 21.

ಹಟ್ ಆಫ್ ರಿಮೆಂಬ್ರೆನ್ಸ್‌ನಲ್ಲಿ ಮಕ್ಕಳ ಗುಸುಗುಸು ನಿಂತಿತು. ಇಲ್ಲಿ ಓದಿ ಹೋಗಿ ಪ್ರಾಣ ಕೊಟ್ಟವರ ಹೆಸರುಗಳು ಅಲ್ಲಿವೆ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಕೂಡ ಇಲ್ಲಿಯ ಕೆಡೆಟ್ ಆಗಿದ್ದವರು. ಮುಂಬಯಿ ದಾಳಿಯ ಆ ಮೂರು ದಿನ ನಾವೆಲ್ಲ ಟಿವಿ ಮುಂದೆ ಕೂತದ್ದು ನೆನಪಾಯಿತು. ಮಗಳ ಮುಖ ನೋಡಿದೆ. ಅವಳು ಒಂದೊಂದೇ ಹೆಸರು ಓದುತ್ತಿದ್ದಳು, ಅವಸರವಿರಲಿಲ್ಲ.

ಕೊನೆಗೆ ಪ್ರಶ್ನೆಗಳ ಹೊತ್ತು. ಅವಳು ತನ್ನ ಪಟ್ಟಿ ಮಡಚಿ ಕಿಸೆಗೆ ಹಾಕಿ, ಎದ್ದು ನಿಂತು ಕೇಳಿದಳು: "ಸರ್, ತರಬೇತಿಯಲ್ಲಿ ಪೆಟ್ಟಾದರೆ ಏನಾಗುತ್ತದೆ?" ನಮ್ಮನ್ನು ಕರೆದೊಯ್ದಿದ್ದ ಅಧಿಕಾರಿ ನುಣುಚಿಕೊಳ್ಳಲಿಲ್ಲ. ಪೆಟ್ಟಾಗುತ್ತದೆ, ಚಿಕಿತ್ಸೆಯಿದೆ, ಕೆಲವರು ಒಂದು ಟರ್ಮ್ ಹಿಂದೆ ಬೀಳುತ್ತಾರೆ, ಕೆಲವರು ಹೊರಗೆ ಹೋಗಬೇಕಾಗುತ್ತದೆ ಎಂದರು. "ಮನೆಯಲ್ಲಿ ಇದನ್ನು ಮಾತಾಡಿಯೇ ಬನ್ನಿ" ಎಂದರು.

ವಾಪಸಾಗುವಾಗ ಕೇಳಿದೆ, "ಅದು ನಿನ್ನ ಪಟ್ಟಿಯೊಳಗ ಇರಲಿಲ್ಲಲ್ಲ?"

"ನಿಮ್ಮ ಮೊಬೈಲಿನ್ಯಾಗ ಆ ಸುದ್ದಿ ತೆರೆದs ಇತ್ತಲ್ಲಪ್ಪಾ" ಎಂದಳು.

ಆ ರಾತ್ರಿ ಮೂವರೂ ಕೂತು ಅದನ್ನೇ ಮಾತಾಡಿದೆವು. ನನ್ನಾಕೆ ಇನ್ನೂ ಹೂಂ ಅಂದಿಲ್ಲ. ಆದರೆ ಮರುದಿನ ಬೆಳಿಗ್ಗೆ ಐದಕ್ಕೆ ಮಗಳನ್ನು ಓಡಲು ಎಬ್ಬಿಸಿದವಳು ಅವಳೇ.