ಪೈಯವರ ಪುಸ್ತಕ, ನಮ್ಮಪ್ಪನ ಓದು

2011ರ ಫೆಬ್ರವರಿ ಕೊನೆಯ ವಾರ. ಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಬಿಡಿಸಿದೆ. ಅನಂತ ಪೈಯವರು 24ರಂದು ಮುಂಬಯಿಯಲ್ಲಿ ತೀರಿಕೊಂಡ ಸುದ್ದಿಯಿತ್ತು. ವಯಸ್ಸು 81. ಅದೇ ತಿಂಗಳು ದಿಲ್ಲಿಯಲ್ಲಿ ನಡೆದ ಕಾಮಿಕ್ಸ್ ಮೇಳದಲ್ಲಿ ಅವರನ್ನು ಸನ್ಮಾನಿಸಿದ್ದರು. ತುಂಬು ಬಾಳು, ಇಂಥ ಸಾವಿಗೆ ಕಣ್ಣೀರು ಹಾಕುವುದು ಸಲ್ಲದೆಂದು ಹಿರಿಯರು ಹೇಳುತ್ತಾರೆ. ಆದರೂ ನನಗೆ ಮುಂದಿನ ಸಾಲು ಮಂಜಾಯಿತು. ಪಕ್ಕದಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅಪ್ಪ ತಲೆಯೆತ್ತಿ, "ಯಾರು ಹ್ವಾದ್ರೋ ತಮ್ಮಾ?" ಎಂದ.

"ನಮ್ಮ ಚಿತ್ರದ ಪುಸ್ತಕ ಮಾಡ್ತಿದ್ದವರು, ಯಪ್ಪಾ."

"ನಮ್ಮ" ಎಂದುದು ಅಭ್ಯಾಸಬಲದಿಂದಲ್ಲ. ಆ ಪುಸ್ತಕಗಳು ನಿಜವಾಗಿಯೂ ನಮ್ಮಿಬ್ಬರವಾಗಿದ್ದವು.

ಕನ್ನಡದ ಅಧ್ಯಾಪಕನಿಗೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದಿದೆ: ನಿಮಗೆ ಓದಿನ ರುಚಿ ಹತ್ತಿಸಿದ ಪುಸ್ತಕ ಯಾವುದು, ಸಾರ್? ಪಂಪನೆಂದೋ ಕುಮಾರವ್ಯಾಸನೆಂದೋ ಹೇಳಿದರೆ ನನ್ನ ಎಂ.ಎ. ಪದವಿಗೆ ಶೋಭೆ. ನಾನೂ ಬಹಳ ಕಾಲ ಹಾಗೆಯೇ ಹೇಳಿಕೊಂಡು ಬಂದೆ. ನಿಜ ಹೇಳಬೇಕೆಂದರೆ ಅದು ಅಮರಚಿತ್ರಕಥೆ. ಅದೂ ಹೊದಿಕೆ ಹರಿದು, ನಾಲ್ಕು ಕೈ ದಾಟಿ ಬಂದದ್ದು.

ಅಪ್ಪ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿಯುವ ಕೆಲಸದವನು. ಅಕ್ಷರ ಬಾರದು, ಪಗಾರದ ದಿನ ಹೆಬ್ಬೆಟ್ಟು. ಭೋಂಗಾ ಕೂಗಿ, ಪಾಳಿ ಮುಗಿಸಿ, ಮನೆಗೆ ಬಂದು ಮೈತೊಳೆದ ಮೇಲೆ ಹೊಸ್ತಿಲ ಬಳಿ ಕುಳಿತು, "ತಗೊಂಬಾ ನಿನ್ನ ಬುಕ್ಕ" ಎನ್ನುತ್ತಿದ್ದ. ಶಾಲೆಯ ಪುಸ್ತಕ ಒಯ್ದರೆ ಮುಖ ತಿರುಗಿಸುವನು. ಚಿತ್ರದ ಪುಸ್ತಕವಾದರೆ ತೊಡೆಯ ಮೇಲೆ ಹರವಿಕೊಂಡು ಒಂದೊಂದು ಚೌಕಕ್ಕೂ ಬೆರಳಿಟ್ಟು ತಾನೇ ಕಥೆ ಹೇಳುವನು. ಬಯಲಾಟಗಳನ್ನು ರಾತ್ರಿಯಿಡೀ ನೋಡಿ ಬೆಳೆದ ಜೀವ. ಭೀಮನ ಸಿಟ್ಟೆಷ್ಟು, ಕೀಚಕನ ಕೊಬ್ಬೆಷ್ಟು, ಅಪ್ಪನಿಗೆ ಹೇಳಿಕೊಡಬೇಕಾದ್ದಿಲ್ಲ. ನಾನು ಅಕ್ಷರ ಓದಿ, "ಇಲ್ಲಿ ಹಂಗಿಲ್ಲ ಯಪ್ಪಾ" ಎಂದರೆ, "ಬರದಾಂವಗ ಗೊತ್ತಿಲ್ಲ ಬಿಡು" ಎಂದು ಮುಂದಿನ ಹಾಳೆ ತಿರುವುವನು.

ಆ ಬರೆದಾಂವ ನಮ್ಮ ನಾಡಿನವನೇ ಎಂದು ಆಗ ನಮಗಿಬ್ಬರಿಗೂ ತಿಳಿಯದು. ಅನಂತ ಪೈಯವರು 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದರು. ಎರಡು ವರ್ಷ ತುಂಬುವ ಹೊತ್ತಿಗೆ ತಂದೆತಾಯಿ ಇಬ್ಬರೂ ಇಲ್ಲ. ಹನ್ನೆರಡರ ಹುಡುಗ ಮುಂಬಯಿ ಸೇರಿ ಓದಿದ್ದು ರಸಾಯನಶಾಸ್ತ್ರ. ಮನಸ್ಸು ನೆಟ್ಟದ್ದು ಮಕ್ಕಳ ಪುಸ್ತಕದಲ್ಲಿ. 1954ರಲ್ಲಿ 'ಮಾನವ' ಎಂಬ ಮಕ್ಕಳ ಪತ್ರಿಕೆ ತೆಗೆದು ಕೈಸುಟ್ಟುಕೊಂಡರು. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಲ್ಲಿದ್ದಾಗ ಇಂದ್ರಜಾಲ ಕಾಮಿಕ್ಸನ್ನು ಹೊರತಂದರು. 1967ರಲ್ಲಿ ದಿಲ್ಲಿಯ ಅಂಗಡಿಯೊಂದರಲ್ಲಿ ದೂರದರ್ಶನದ ರಸಪ್ರಶ್ನೆ ನೋಡುತ್ತ ನಿಂತಿದ್ದರಂತೆ. ಗ್ರೀಕರ ದೇವತೆಗಳ ಪ್ರಶ್ನೆಗೆ ಪಟಪಟನೆ ಉತ್ತರಿಸಿದವರು ರಾಮನ ತಾಯಿಯ ಹೆಸರು ಕೇಳಿದಾಗ ಬಾಯಿ ಬಿಡಲಿಲ್ಲ. ಆ ನೋವಿನಿಂದ ಹುಟ್ಟಿದ್ದು ಪೈಯವರ ಅಮರಚಿತ್ರಕಥೆ. ರಾಮ್ ವಾಯಿರ್ಕರ್ ಚಿತ್ರ ಬರೆದ 'ಕೃಷ್ಣ' ಅದರ ಮೊದಲ ಫಲ. ಅದರ ಸಂಖ್ಯೆ ಮಾತ್ರ 11! ಹಿಂದಿನ ಹತ್ತು ಸಂಖ್ಯೆಗಳು ಸಿಂಡ್ರೆಲಾ ಮುಂತಾದ ಪರದೇಶದ ಕಥೆಗಳವು; ಅವು ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಮೊದಲು ಕನ್ನಡದಲ್ಲಿ ಬಂದವು. ಕನ್ನಡಿಗರು ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಂಡರೆ ತಪ್ಪಿಲ್ಲ.

ಕೌಸಲ್ಯೆಯನ್ನು ಮರೆತ ಪೇಟೆಯ ಮಕ್ಕಳಿಗಾಗಿ ಆದ ಪುಸ್ತಕ, ಕೌಸಲ್ಯೆಯನ್ನು ಎಂದೂ ಮರೆಯದ ನಮ್ಮ ಮನೆಗೆ ಬಂದು ಬೇರೊಂದು ಕೆಲಸ ಮಾಡಿತು. ಹೆಬ್ಬೆಟ್ಟಿನ ಅಪ್ಪ ಅಲ್ಲಿ ಮೇಷ್ಟ್ರಾದ.

ಎಲ್ಲವೂ ಸುಖವಾಗಿತ್ತೆಂದಲ್ಲ. ಒಂದು ಸಂಜೆ ರಾಕ್ಷಸನೊಬ್ಬನ ಚಿತ್ರದ ಮೇಲೆ ಅಪ್ಪನ ಬೆರಳು ನಿಂತುಬಿಟ್ಟಿತು. "ಕೆಟ್ಟಾವ್ರೆಲ್ಲಾ ನಮ್ಮಂಗ ಕರ್ರಗ ಅದಾರಲ್ಲೋ" ಎಂದ. ನಗುತ್ತಲೇ ಅಂದ, ಆದರೆ ಹಾಳೆ ತಿರುವಲು ತಡಮಾಡಿದ. ಈ ಪುಸ್ತಕಗಳಲ್ಲಿ ಬಿಳುಪು ಒಳ್ಳೆಯವರ ಪಾಲು, ಕಪ್ಪು ಕೇಡಿಗರ ಪಾಲು ಎಂದು ಆಮೇಲೆ ವಿದ್ವಾಂಸರು ಬಹಳ ಬರೆದರು. ಓದಿದಾಗಲೆಲ್ಲ ನನಗೆ ಆ ನಿಂತ ಬೆರಳೇ ಕಾಣುತ್ತದೆ. ಪೈಯವರ ಮೇಲಿನ ಪ್ರೀತಿಗಾಗಿ ಈ ಮಾತನ್ನು ನುಂಗಿಕೊಳ್ಳಲಾರೆ.

ಇನ್ನು ಅಶೋಕನ ಪುಸ್ತಕ. ಅದು ಇಂಗ್ಲಿಷಿನದು, ಕ್ಯಾಂಪಿನ ದೊಡ್ಡ ಮನೆಯ ಹುಡುಗನೊಬ್ಬ ಓದಿ ಕೊಟ್ಟದ್ದು. ಅರ್ಧ ತಿಳಿದು, ಅರ್ಧ ಕಟ್ಟಿ, ಕಳಿಂಗದ ಯುದ್ಧವನ್ನು ಅಪ್ಪನಿಗೂ ಅಪ್ಪನ ಜೊತೆ ದುಡಿಯುವ ಗೆಳೆಯನಿಗೂ ಭಾರಿ ಜಂಬದಿಂದ ಹೇಳಿದೆ. ಆ ಗೆಳೆಯ ಮಸ್ಕಿಯ ಕಡೆಯವನು. "ಆ ಅರಸನ ಹೆಸ್ರು ನಮ್ಮೂರ ಗುಡ್ಡದಾಗ ಕೊರದೈತಲ್ಲೋ!" ಎಂದುಬಿಟ್ಟ. ನಾನು ನಂಬಲಿಲ್ಲ. ಪಾಟಲಿಪುತ್ರ ಬಲ್ಲೆ, ಕಳಿಂಗ ಬಲ್ಲೆ. ಪಕ್ಕದ ಮಸ್ಕಿಯ ಮಾತು ಆ ಪುಸ್ತಕದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದಿಲ್ಲಿಯ ಆ ಮಕ್ಕಳನ್ನು ನೋಡಿ ನಾನು ನಗುವ ಹಾಗಿಲ್ಲ.

ವಾರದ ರಜೆಯ ದಿನ ಅಪ್ಪ ಕರೆದೊಯ್ದ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಮಸ್ಕಿಯಲ್ಲಿಳಿದು, ಬಿಸಿಲಲ್ಲಿ ಗುಡ್ಡದ ದಾರಿ ಹಿಡಿದೆವು. 'ದೇವಾನಾಂಪ್ರಿಯ'ನೆಂದು ಬಂಡೆಗಳ ಮೇಲೆ ಮಾತಾಡಿದ ಅರಸನು ಅಶೋಕನೇ ಎಂಬುದಕ್ಕೆ ಹೆಸರು ಹೇಳಿ ಸಾಕ್ಷಿ ನುಡಿದ ಮೊದಲ ಶಾಸನ ಅದು. 1915ರಲ್ಲಿ ಅದನ್ನು ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಚಿನ್ನ ಹುಡುಕುವವರ ಕಣ್ಣಿಗೆ ಬಿದ್ದದ್ದೆಂದು ಇಂದು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ. ಆ ದಿನ ಇದೊಂದೂ ತಿಳಿಯದು.

ಬಂಡೆಯ ಮುಂದೆ ನಿಂತೆವು. ಗೀಟುಗಳು, ಸೊನ್ನೆಗಳು, ಕೊಕ್ಕೆಗಳು. ಅಪ್ಪ, "ಓದಪಾ" ಎಂದ. ತರಗತಿಗೆ ಮೊದಲಿಗನಾದ ನಾನು ಬಾಯಿ ತೆರೆದು ಮುಚ್ಚಿದೆ. ಬ್ರಾಹ್ಮಿ ಲಿಪಿಯೆಂಬ ಹೆಸರು ಕೂಡ ಕೇಳಿದವನಲ್ಲ. ಅಪ್ಪ ಸ್ವಲ್ಪ ಹೊತ್ತು ಕಾದು, ನನ್ನ ಹೆಗಲ ಮೇಲೆ ಕೈಯಿಟ್ಟು, "ನನಗ ದಿನಾ ಹಿಂಗ ಆಗ್ತೈತಿ, ತಮ್ಮಾ" ಎಂದ. ದೂರಿನ ದನಿಯಲ್ಲಿ ಅಲ್ಲ. ಜೊತೆ ಸಿಕ್ಕವನ ದನಿಯಲ್ಲಿ. ಆಮೇಲೆ ಗೀಟುಗಳ ಕಡೆ ಬೆರಳು ತೋರಿಸುತ್ತ, ಹೊಸ್ತಿಲ ಬಳಿ ಹೇಳುವಂತೆಯೇ, ಅರಸನ ಕಥೆಯನ್ನು ತನಗೆ ತೋಚಿದ ಹಾಗೆ ಹೇಳಿದ. ಅದರಲ್ಲಿ ಆನೆಯಿತ್ತು, ಅಳುವ ಹೆಂಗಸರಿದ್ದರು; ಎಲ್ಲವೂ ಆ ಇಂಗ್ಲಿಷ್ ಪುಸ್ತಕದ ಚಿತ್ರಗಳೇ.

ಪತ್ರಿಕೆಯಲ್ಲಿ ಪೈಯವರ ಭಾವಚಿತ್ರವಿತ್ತು. ನಗುಮುಖದ ಮುದುಕರು; ಮಕ್ಕಳೆಲ್ಲ ಅವರನ್ನು 'ಅಂಕಲ್ ಪೈ' ಎಂದೇ ಕರೆದರಂತೆ. ಸ್ವಂತ ಮಕ್ಕಳಿರಲಿಲ್ಲ. ಅಪ್ಪ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಸುಣ್ಣದ ಬೆರಳನ್ನು ಪಂಚೆಗೆ ಒರೆಸಿ, ಚಿತ್ರದ ಮೇಲಿಟ್ಟ.

"ಇವ್ರಾ ಏನು? ಭೀಮನ ಕಥಿ ತಪ್ಪು ಬರದಾಂವ?"

"ಹೂಂ, ಯಪ್ಪಾ."

"ಟ್ರಂಕಿನ್ಯಾಗ ಅದಾವೇನು ನೋಡು, ಆ ಬುಕ್ಕ," ಎಂದ.