ಭಾವನ ಲಾರಿ

ಮಾಧವರಂನಲ್ಲಿ ಲಾರಿ ನಿಲ್ಲಿಸಿ ಊಟಕ್ಕೆ ಬಂದ ಭಾವ, “ಘಾಟಿಯಲ್ಲಿ ಎಳೆಯೋದೇ ಇಲ್ಲ. ಒಬ್ಬ ಮೆಕ್ಯಾನಿಕ್ ಯೂರಿಯಾ ಸಿಸ್ಟಮ್ ತೆಗೆದು ಪಿಕಪ್ ಹೆಚ್ಚಿಸ್ತಾನಂತೆ” ಎಂದರು.

ನಾವು ಗುಮಾಸ್ತರಾದರೂ ರಸಾಯನಶಾಸ್ತ್ರ ಓದಿದ ಬಿ.ಎಸ್ಸಿ.ಗಳು, ಸುಮ್ಮನಿರಲಾಗಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲಿನ ಇಂಥ ಲಾರಿಗಳಲ್ಲಿ ಶೇಕಡಾ 32.5ರ ಯೂರಿಯಾ ದ್ರಾವಣ ಬಿಸಿ ಹೊಗೆಯಲ್ಲಿ ಅಮೋನಿಯವಾಗುತ್ತದೆ. ವಿಷದ ನೈಟ್ರೊಜನ್ ಆಕ್ಸೈಡುಗಳನ್ನು ಸಾರಜನಕವೂ ನೀರೂ ಆಗಿಸುತ್ತದೆ. ಹೊಗೆಯನ್ನು ಹೀಗೆ ಹೊರಗೆ ತೊಳೆಯುವುದರಿಂದಲೇ ಎಂಜಿನ್ನಿನೊಳಗೆ ಡೀಸೆಲ್ಲನ್ನು ಬಲವಾಗಿ ಉರಿಸಬಹುದು. ಅದು ಶಕ್ತಿಗೆ ಶತ್ರುವಲ್ಲ.

“ಮೊದಲು ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ ಭಾವ” ಎಂದೆವು. ಅಷ್ಟರಲ್ಲಿ ಒಳಗೆ ನಮ್ಮ ಮಗಳು ಕೆಮ್ಮಿದಳು. ಭಾವ ತುತ್ತು ಕೈಯಲ್ಲೇ ಹಿಡಿದು ಕುಳಿತರು.

ವಾರದ ಮೇಲೆ ಫೋನು ಬಂತು: “ಫಿಲ್ಟರ್ ಕಟ್ಟಿಕೊಂಡಿತ್ತು. ಈಗ ಎಳೀತಿದೆ. ಮಗು ಹೇಗಿದ್ದಾಳೆ?”