ಸಿಸ್ಟರ್‌ಗೊಂದು ಕುರ್ಚಿ

ಆಸ್ಪತ್ರೆಯಲ್ಲಿ ನರ್ಸಮ್ಮನನ್ನು ‘ಸಿಸ್ಟರ್’ ಅನ್ನುವ ನಾವು ಡಾಕ್ಟರನ್ನು ಯಾಕೆ ‘ಬ್ರದರ್’ ಅನ್ನುವುದಿಲ್ಲ? ಆ ಭಾಗ್ಯ ಗಂಡು ನರ್ಸುಗಳಿಗೆ ಮಾತ್ರ. ನಂಟಸ್ತನ ಹುಟ್ಟುವುದೇ ರಾತ್ರಿ ಪಾಳಿಯಲ್ಲಿ ಇರಬೇಕು. ರೌಂಡ್ಸಿಗೆ ಬಂದ ಡಾಕ್ಟರು ಮಂಚದ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತಾರೆ, ನೀವೇ ಹೇಳಿ.

ನನ್ನ ಅತ್ತೆಯೊಬ್ಬರು ನರ್ಸಾಗಿದ್ದವರು. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತ (ಅದಕ್ಕೆ ಡಾಕ್ಟರು ಬೈಯುತ್ತಿದ್ದದ್ದು ಬೇರೆ ಕತೆ) ಹೇಳುವರು: “ಮನೆಯವರು ಡಾಕ್ಟರ ಕೋಣೆಗೆ ನುಗ್ಗಿ, ‘ಕ್ಯಾನ್ಸರ್ ಅಂತ ಅಪ್ಪನಿಗೆ ಹೇಳಬೇಡಿ ಸಾರ್’ ಅಂತ ಕೈಮುಗಿದು ಹೋಗಿಬಿಡ್ತಾರೆ ಮಾರಾಯ. ಅಪ್ಪ ಕೇಳೋದು ರಾತ್ರಿ ಎರಡಕ್ಕೆ, ಡ್ರಿಪ್ ಬದಲಿಸೋಕೆ ಹೋದ ನನ್ನನ್ನ!” ಒಮ್ಮೆ ಬೆಳಿಗ್ಗೆ ಅತ್ತೆ, “ಸಾರ್, ಅವರಿಗೆ ಗೊತ್ತಾಗಿದೆ. ನಾಟಕ ಆಡ್ತಿರೋರು ನಾವೇ” ಅಂದರಂತೆ. ಡಾಕ್ಟರು ಚಹಾದ ಲೋಟ ಕೆಳಗಿಟ್ಟು, “ನಡೀರಿ ಸಿಸ್ಟರ್, ಇಬ್ಬರೂ ಹೋಗೋಣ” ಅಂದರಂತೆ. ಮಿಕ್ಕ ಚಹಾ ಆರಿ ಕೆನೆ ಕಟ್ಟಿದ್ದು ಅತ್ತೆಗೆ ಇನ್ನೂ ನೆನಪಿದೆ.

ಅತ್ತೆಯ ಮಾತು ಕೊನೆಗೆ ತಿರುಗುವುದು ಹಳದೀಪುರದ ಕಡೆಗೆ. ಹೊನ್ನಾವರದ ಹತ್ತಿರದ ಆ ಊರಿನ ಅರುಣಾ ಶಾನಭಾಗ್ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯ ನೌಕರನೊಬ್ಬನ ಹಲ್ಲೆಗೆ ಸಿಕ್ಕಿ, 2015ರ ಮೇನಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಆ ಘಟನೆಯ ಕಾಲಕ್ಕೆ ಹುಟ್ಟೇ ಇರದ ಹುಡುಗಿಯರು ಅವರ ಮಗ್ಗುಲು ಬದಲಿಸಿದರು. ಅವರನ್ನು ಸಾಯಲು ಬಿಡಿ ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ, ಆಸ್ಪತ್ರೆಯ ಡೀನ್ ಕೊಟ್ಟ ವರದಿಯಲ್ಲಿ ಒಂದು ಮಾತಿತ್ತು: ಅರುಣಾಗೆ ಮೀನೆಂದರೆ ಇಷ್ಟ, ಕೊಟ್ಟರೆ ಒಮ್ಮೊಮ್ಮೆ ನಗುತ್ತಾರೆ. ಡೀನ್‌ಗೆ ಇದು ಗೊತ್ತಾದದ್ದು ಹೇಗೆ? ಚಮಚ ಹಿಡಿದವರು ಹೇಳದೆ? ಅರ್ಜಿ ಹಾಕಿದ ಲೇಖಕಿಯಲ್ಲ, ಆಸ್ಪತ್ರೆಯ ಸಿಬ್ಬಂದಿಯೇ ಆಕೆಯ ಪರ ಮಾತಾಡತಕ್ಕ ಆಪ್ತರು ಎಂದು 2011ರ ಮಾರ್ಚ್‌ನಲ್ಲಿ ಕೋರ್ಟು ಹೇಳಿತು. ಅವರು, ಆಕೆ ಬದುಕಿರಲಿ ಎಂದಿದ್ದರು. ಅಷ್ಟು ವರ್ಷ ಹಾಗೆ ಬದುಕಿಸಿದ್ದು ಸರಿಯೋ? ಕೇಳಿದರೆ ಅತ್ತೆ ಎಲೆ ಮಡಚುತ್ತಾರೆ, ಉತ್ತರ ಕೊಡುವುದಿಲ್ಲ. ನನಗೂ ಅದನ್ನು ಒತ್ತಿ ಕೇಳುವ ಧೈರ್ಯವಿಲ್ಲ.

2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ವಾಸಿಯಾಗುವ ಆಸೆಯೇ ಇಲ್ಲದ ರೋಗಿಯ ಯಂತ್ರ ನಿಲ್ಲಿಸಬೇಕೆಂದರೆ ಎರಡು ಮಂಡಳಿ ಒಪ್ಪಬೇಕು, ಒಂದೊಂದರಲ್ಲೂ ಮೂವರು ಡಾಕ್ಟರು. ಓದಿ ಹೇಳಿದೆ. ಅತ್ತೆ ಬೆರಳು ಮಡಿಚಿ ಎಣಿಸಿದರು. ಆರು ಕುರ್ಚಿ, ಸಿಸ್ಟರ್‌ಗೆ ಒಂದೂ ಇಲ್ಲ.